ಅರ್ಧ ಕಾಫಿಯ ಲೆಕ್ಕ

ಚಿಕ್ಕಮಗಳೂರಿನಿಂದ ಮೂಡಿಗೆರೆಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ, ಭಾನುವಾರ ಮಧ್ಯಾಹ್ನ, ಶಾಲೆಯ ಅಂಗಳದಲ್ಲಿ, ಹಲ್ಲಿನ ಡಾಕ್ಟರಾದ ನಾನು ಹಲ್ಲಿನ ಹುಳುಕಿನ ಬಗ್ಗೆ ಆಡಿದ ಮಾತುಗಳಿವು. ಕೇಳಲು ಬಂದವರು ಸ್ತ್ರೀಶಕ್ತಿ ಸಂಘಗಳ ಸದಸ್ಯೆಯರು, ಅಂಗನವಾಡಿ ಕಾರ್ಯಕರ್ತೆಯರು, ತೋಟದ ಲೈನ್ ಮನೆಗಳ ತಾಯಂದಿರು, ಹಿಂದಿನ ಸಾಲಿನಲ್ಲಿ ಒಂದಷ್ಟು ಹಿರಿಯ ಗಂಡಸರು. ಬರೆಯುವಾಗ ಒಂದೆರಡು ಕಡೆ ಮಾತು ತಿದ್ದಿದ್ದೇನೆ, ಅಲ್ಲಿ ಹೇಳಲು ಮರೆತದ್ದನ್ನು ಸೇರಿಸಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನು ಅವು ಬಂದ ಜಾಗದಲ್ಲೇ ಬಿಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ. ಹಲ್ಲು, ಕಡಲೆಯ ಗಾದೆಯನ್ನು ನನಗಿಂತ ಮೊದಲು ಮಾತನಾಡಿದ ಇಬ್ಬರೂ ಹೇಳಿಯಾಗಿದೆ. ಮೂರನೆಯ ಸಲ ಬೇಡ. ನಾನು ಒಂದು ಪ್ರಶ್ನೆ ಕೇಳುತ್ತೇನೆ. ನಿನ್ನೆ ಬೆಳಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ ನೀವು ಎಷ್ಟು ಸಲ ಕಾಫಿ ಕುಡಿದಿರಿ?

ಮುಂದಿನ ಸಾಲಿನ ಅಕ್ಕ ನಗುತ್ತಿದ್ದಾರೆ. ಹೇಳಿ ಅಕ್ಕ, ಬೆರಳು ಮಡಚಿ ಎಣಿಸಿ. ಎದ್ದ ಕೂಡಲೇ ಒಂದು, ತಿಂಡಿಯ ಜೊತೆಗೆ ಒಂದು, ತೋಟದಲ್ಲಿ ಹತ್ತು ಗಂಟೆಗೆ ಒಂದು, ಪಕ್ಕದ ಮನೆಗೆ ಮೊಸರಿನ ಹೆಪ್ಪು ಕೇಳಲು ಹೋದಾಗ ಒಂದು, ಊಟ ಆದ ಮೇಲೆ ಒಂದು ಗುಟುಕು, ನಾಲ್ಕು ಗಂಟೆಗೆ, ಸಂಜೆ ನೆಂಟರು ಬಂದರೆಂದು ಮತ್ತೊಂದು, ರಾತ್ರಿ ಧಾರಾವಾಹಿ ನೋಡುತ್ತ ಕೊನೆಯದು. ಎಂಟಾಯಿತು. "ಆದರೆ ಎಲ್ಲ ಅರ್ಧರ್ಧ ಲೋಟವೇ ಮೇಡಂ, ಅರ್ಧ ಕಾಫಿ ಲೆಕ್ಕಕ್ಕೆ ಬರುವುದಿಲ್ಲ" ಎನ್ನುತ್ತಿದ್ದಾರೆ. ಬಾಬಾಬುಡನ್ ಅವರು ನಮ್ಮ ಬೆಟ್ಟಕ್ಕೆ ತಂದರೆಂದು ಹೇಳುವ ಕಾಫಿ ಬೀಜಗಳೇ ಏಳು. ನಾವು ಅವರನ್ನೂ ಒಂದರಿಂದ ಮೀರಿಸಿದ್ದೇವೆ.

ನಾನು ಇವತ್ತು ಮಾತನಾಡಲು ಬಂದಿರುವುದು ಆ ಲೆಕ್ಕಕ್ಕೆ ಬರದ ಅರ್ಧ ಕಾಫಿಯ ಬಗ್ಗೆಯೇ. ಕಾಫಿ ಬಿಡಿ ಎಂದು ಈ ಊರಿನಲ್ಲಿ ನಿಂತು ಹೇಳುವಷ್ಟು ಧೈರ್ಯ ನನಗಿಲ್ಲ, ಹೇಳಬೇಕಾದ ಕಾರಣವೂ ಇಲ್ಲ. ಕಾಫಿಯಿಂದ ಹಲ್ಲಿಗೆ ಬಣ್ಣ ಹಿಡಿಯುತ್ತದೆ, ಹುಳುಕು ಹಿಡಿಯುವುದಿಲ್ಲ. ಹುಳುಕಿಗೆ ಕಾರಣ ಅದರೊಳಗಿನ ಒಂದು ಚಮಚ ಸಕ್ಕರೆ. ಆ ಒಂದು ಚಮಚವೂ ಒಂದೇ ಸಲ ಹೊಟ್ಟೆಗೆ ಹೋದರೆ ಹಲ್ಲಿಗೆ ದೊಡ್ಡ ತಕರಾರಿಲ್ಲ. ಎಂಟು ಸಲ ಹೋದರೆ ಇದೆ.

ಯಾಕೆ ಎಂದು ತಿಳಿಯಲು ನಮ್ಮ ಅಂಗಳದ ಪಾಚಿಯನ್ನು ನೆನೆಯಿರಿ. ಮಳೆಗಾಲದ ಮೂರು ತಿಂಗಳು ಕಲ್ಲು ಚಪ್ಪಡಿಯ ಮೇಲೆ ಹಸಿರು ಪಾಚಿ ಕಟ್ಟುತ್ತದಲ್ಲ, ಎಷ್ಟು ಮಳೆ ಸುರಿದರೂ ಅದು ಕೊಚ್ಚಿ ಹೋಗುವುದಿಲ್ಲ. ಕೊಡಗಟ್ಟಲೆ ನೀರು ಹೊಯ್ದರೂ ಜಾರುತ್ತದೆ. ಪೊರಕೆ ಹಿಡಿದು ತಿಕ್ಕಿದರಷ್ಟೇ ಹೋಗುತ್ತದೆ, ನಾಲ್ಕು ದಿನ ಬಿಟ್ಟರೆ ಮತ್ತೆ ಬರುತ್ತದೆ. ಹಲ್ಲಿನ ಮೇಲೆ ಕಟ್ಟುವುದಕ್ಕೂ ನಾವು ಪಾಚಿ ಎಂದೇ ಹೆಸರಿಟ್ಟಿದ್ದೇವೆ. ಹೆಸರಿಟ್ಟವರಿಗೆ ಸೂಕ್ಷ್ಮದರ್ಶಕ ಗೊತ್ತಿರಲಿಲ್ಲ, ಆದರೂ ಹೆಸರು ಸರಿಯಾಗಿದೆ. ಬೆಳಗ್ಗೆ ಎದ್ದಾಗ ನಾಲಗೆಯನ್ನು ಹಲ್ಲಿನ ಮೇಲೆ ಆಡಿಸಿದರೆ ಲೋಳೆಯಂತೆ ಸಿಗುತ್ತದಲ್ಲ, ಅದು ಜೀವಂತ ಪಾಚಿ. ಅದರಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳು ಒಂದಕ್ಕೊಂದು ಅಂಟಿಕೊಂಡು ವಾಸವಾಗಿವೆ. ಬಾಯಿ ಮುಕ್ಕಳಿಸಿದರೆ ಅವು ಹೋಗುವುದಿಲ್ಲ, ಅಂಗಳದ ಪಾಚಿ ಮಳೆಗೆ ಹೋಗದ ಹಾಗೆಯೇ.

ನಾವು ಸಿಹಿ ಕುಡಿದಾಗ ಅವಕ್ಕೂ ಪಾಲು ಸಿಗುತ್ತದೆ. ಸಕ್ಕರೆಯನ್ನು ತಿಂದು ಅವು ಹುಳಿ ಬಿಡುತ್ತವೆ. ದೋಸೆ ಹಿಟ್ಟು ರಾತ್ರಿಯಿಡೀ ಇಟ್ಟರೆ ಹುಳಿ ಬರುವುದೂ ಇಂಥದ್ದೇ ಕೆಲಸದಿಂದ, ಅಲ್ಲಿ ಹುಟ್ಟುವುದೂ ಮುಖ್ಯವಾಗಿ ಲ್ಯಾಕ್ಟಿಕ್ ಆಮ್ಲವೇ. ವ್ಯತ್ಯಾಸವೆಂದರೆ ಹಿಟ್ಟು ಹುಳಿಯಾಗಲು ಒಂದು ರಾತ್ರಿ ಬೇಕು, ಹಲ್ಲಿನ ಪಾಚಿಗೆ ಕೆಲವೇ ನಿಮಿಷ ಸಾಕು. ಹಲ್ಲಿನ ಹೊರಕವಚ ಎನಾಮಲ್. ಇಡೀ ದೇಹದಲ್ಲಿ ಅದಕ್ಕಿಂತ ಗಟ್ಟಿಯಾದ ವಸ್ತುವಿಲ್ಲ, ಮೂಳೆಯೂ ಅದರ ಮುಂದೆ ಮೆದು. ಆದರೆ ಹುಳಿಯ ಮುಂದೆ ಅದರ ಗಟ್ಟಿತನ ನಡೆಯುವುದಿಲ್ಲ. ಆಮ್ಲದ ತೀಕ್ಷ್ಣತೆ ಅಳೆಯುವ ಪಿಎಚ್ ಅಳತೆಯಲ್ಲಿ ಶುದ್ಧ ನೀರು 7. ಪಾಚಿಯೊಳಗಿನ ಅಳತೆ ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮಲ್‌ನ ಖನಿಜ ಕರಗತೊಡಗುತ್ತದೆ.

ಅಮೆರಿಕದ ರಾಬರ್ಟ್ ಸ್ಟೀಫನ್ ಎಂಬ ದಂತವಿಜ್ಞಾನಿ 1940ರ ದಶಕದಲ್ಲಿ ಇದನ್ನು ಬಾಯೊಳಗೇ ಅಳೆದು ತೋರಿಸಿದರು. ಸಕ್ಕರೆ ನೀರು ಬಾಯಿಗೆ ಹೋದ ಕೆಲವೇ ನಿಮಿಷಗಳಲ್ಲಿ ಅಳತೆ ಸರ್ರನೆ ಇಳಿಯುತ್ತದೆ, ಮೊದಲಿನ ಮಟ್ಟಕ್ಕೆ ಮರಳಲು ಅರ್ಧ ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ. ಮರಳಿಸುವುದು ನಮ್ಮ ಜೊಲ್ಲು. ಜೊಲ್ಲು ಎಂದರೆ ಅಸಹ್ಯ ಪಡುತ್ತೇವೆ, ಆದರೆ ಹಲ್ಲಿನ ಪಾಲಿಗೆ ಅದಕ್ಕಿಂತ ಒಳ್ಳೆಯ ನೆಂಟರಿಲ್ಲ. ಅದು ಹುಳಿಯನ್ನು ತೊಳೆಯುತ್ತದೆ, ತೀಕ್ಷ್ಣತೆ ಇಳಿಸುತ್ತದೆ, ತನ್ನಲ್ಲಿರುವ ಕ್ಯಾಲ್ಸಿಯಂ ಮತ್ತು ಫಾಸ್ಫೇಟನ್ನು ಕರಗಿದ ಜಾಗಕ್ಕೆ ಮತ್ತೆ ತುಂಬುತ್ತದೆ. ಹೀಗೆ ನಮ್ಮ ಹಲ್ಲು ದಿನವೂ ಒಂದಿಷ್ಟು ಕರಗುತ್ತದೆ, ಒಂದಿಷ್ಟು ಕಟ್ಟಿಕೊಳ್ಳುತ್ತದೆ. ನಿಮ್ಮ ಸಂಘದ ಪಾಸ್ ಪುಸ್ತಕದ ಹಾಗೆ, ಜಮಾ ಮತ್ತು ಖರ್ಚು. ಖರ್ಚು ಜಮಾವನ್ನು ತಿಂಗಳಾನುಗಟ್ಟಲೆ ಮೀರಿದಾಗ ಹಲ್ಲಿನಲ್ಲಿ ಗುಂಡಿ ಬೀಳುತ್ತದೆ.

ಈಗ ಅಕ್ಕನ ಲೆಕ್ಕಕ್ಕೆ ಬರೋಣ. ಒಂದು ಸಲದ ಸಿಹಿಗೆ 40 ನಿಮಿಷದ ಹುಳಿ ಎಂದು ಹಿಡಿಯಿರಿ. ಎಂಟು ಸಲಕ್ಕೆ 5 ಗಂಟೆ 20 ನಿಮಿಷ. ಲೋಟ ಅರ್ಧವೋ ಪೂರ್ತಿಯೋ ಪಾಚಿಗೆ ಗೊತ್ತಾಗುವುದಿಲ್ಲ, ಗುಟುಕು ಸಿಕ್ಕರೆ ಸಾಕು. ಲೋಟ ಹಿಡಿದುಕೊಂಡು ಜಗಲಿಯಲ್ಲಿ ಅರ್ಧ ಗಂಟೆ ಗುಟುಕರಿಸುವವರು ಅದಕ್ಕೆ ಇನ್ನೂ ಅರ್ಧ ಗಂಟೆ ಸೇರಿಸಿಕೊಳ್ಳಿ. ಅದೇ ಎಂಟು ಚಮಚ ಸಕ್ಕರೆಯನ್ನು ಪಾಯಸ ಮಾಡಿ ಊಟದ ಜೊತೆ ಒಮ್ಮೆಲೇ ಉಂಡಿದ್ದರೆ ಹಲ್ಲಿಗೆ ಒಂದೇ ಏಟು. ಸಕ್ಕರೆ ಕಾಯಿಲೆಯ ಡಾಕ್ಟರು ಈ ಮಾತಿಗೆ ನನ್ನನ್ನು ಬೈಯುತ್ತಾರೆ, ಅವರು ಬೈಯುವುದೂ ಸರಿ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಪ್ರಕಾರ ವಯಸ್ಕರು ದಿನಕ್ಕೆ ಸುಮಾರು 50 ಗ್ರಾಂ ಒಳಗೆ, ಸಾಧ್ಯವಾದರೆ 25 ಗ್ರಾಂ ಒಳಗೆ ಸಕ್ಕರೆ ನಿಲ್ಲಿಸಬೇಕು. ಅದು ಇಡೀ ದೇಹದ ಮಾತು. ಹಲ್ಲಿನ ವಿಷಯದಲ್ಲಿ ಚಮಚಕ್ಕಿಂತ ಗಡಿಯಾರ ಹೆಚ್ಚು ಮುಖ್ಯ.

"ನಮ್ಮದು ಬೆಲ್ಲದ ಕಾಫಿ, ಸಕ್ಕರೆಯಲ್ಲ" ಎಂದು ಯಾರೋ ಹೇಳಿದರು. ಗೊತ್ತಿತ್ತು, ಈ ಮಾತು ಬರಲೇಬೇಕು. ಬೆಲ್ಲದಲ್ಲಿ ಒಂದಿಷ್ಟು ಖನಿಜ ಇದೆ, ರುಚಿ ಇದೆ, ಅಜ್ಜಿಯ ನೆನಪಿದೆ. ಆದರೆ ಅದರ ಬಹುಪಾಲು ಸುಕ್ರೋಸ್, ಅಂದರೆ ಸಕ್ಕರೆಯೇ. ಜೋನಿಬೆಲ್ಲ, ಜೇನುತುಪ್ಪ, ಕಬ್ಬಿನ ಹಾಲು ಎಲ್ಲವೂ ಪಾಚಿಯ ಪಂಕ್ತಿಯಲ್ಲಿ ಒಂದೇ. ಜೋನಿಬೆಲ್ಲ ಹಲ್ಲಿಗೆ ಅಂಟುವುದರಿಂದ ಒಂದು ಕೈ ಮೇಲೆಯೇ.

ಹುಳುಕು ಎಂಬ ಪದದ ಬಗ್ಗೆ ಒಂದು ಮಾತು. ನಮ್ಮ ಭಾಷೆಯೇ ಹಲ್ಲಿನಲ್ಲಿ ಹುಳುವನ್ನು ಕೂರಿಸಿಬಿಟ್ಟಿದೆ. ನಾನು ಚಿಕ್ಕವಳಿದ್ದಾಗ ಜಾತ್ರೆಯಲ್ಲಿ ಒಬ್ಬರು ಕೆಂಡದ ಮೇಲೆ ಗುಳ್ಳದ ಬೀಜ ಹಾಕಿ, ಆ ಹೊಗೆಯನ್ನು ಕೊಳವೆಯಲ್ಲಿ ಹಲ್ಲುನೋವಿನವರ ಬಾಯಿಗೆ ಹಿಡಿಸಿ, ಆಮೇಲೆ ತಟ್ಟೆಯ ನೀರಿನಲ್ಲಿ ಬಿಳಿ ಹುಳು ತೋರಿಸುತ್ತಿದ್ದರು. ನನ್ನ ಅಜ್ಜಿಗೆ ಏಳು ಹುಳು ಬಿದ್ದಿದ್ದವು! ಅವು ಬಿಸಿಗೆ ಸಿಡಿದ ಬೀಜದ ಒಳಗಿನ ಎಳೆ ಮೊಳಕೆಗಳು. ಈ ನಂಬಿಕೆ ನಮ್ಮೊಬ್ಬರದೇ ಅಲ್ಲ, ಪ್ರಾಚೀನ ಬ್ಯಾಬಿಲೋನಿನವರೂ ಹಲ್ಲಿನ ಹುಳುವನ್ನು ನಂಬಿದ್ದರು. ಫ್ರಾನ್ಸಿನ ಪಿಯರ್ ಫೋಶಾರ್ 1728ರಲ್ಲಿ ಇದನ್ನು ಅಲ್ಲಗಳೆದರು. 1890ರ ಹೊತ್ತಿಗೆ ಬರ್ಲಿನ್‌ನಲ್ಲಿ ಕೆಲಸ ಮಾಡುತ್ತಿದ್ದ ವಿಲ್ಲೋಬಿ ಮಿಲ್ಲರ್ ಎಂಬ ಅಮೆರಿಕದ ದಂತವೈದ್ಯರು ಬ್ಯಾಕ್ಟೀರಿಯಾ, ಸಕ್ಕರೆ, ಆಮ್ಲ ಈ ಮೂರರ ನಂಟನ್ನು ತೋರಿಸಿಕೊಟ್ಟರು. 1924ರಲ್ಲಿ ಕ್ಲಾರ್ಕ್ ಎಂಬುವರು ಹುಳುಕು ಹಲ್ಲಿನಿಂದ ಒಂದು ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಎಂದು ಹೆಸರಿಟ್ಟರು. ಇವತ್ತಿಗೂ ಅದೇ ಮುಖ್ಯ ಆರೋಪಿಗಳಲ್ಲಿ ಒಂದು. ಆದ್ದರಿಂದ ಹುಳು ತೆಗೆಸುವುದಕ್ಕೆ ಹಣ ಕೊಡಬೇಡಿ. ಪದವನ್ನು ಇಟ್ಟುಕೊಳ್ಳೋಣ, ಅಷ್ಟು ಒಳ್ಳೆಯ ಪದವನ್ನು ಬಿಡಲು ನನಗೂ ಮನಸ್ಸಿಲ್ಲ.

ಎಷ್ಟು ಸಲ ತಿನ್ನುತ್ತೇವೆ ಎಂಬುದೇ ಮುಖ್ಯ ಎನ್ನುವುದನ್ನು ಬಲವಾಗಿ ತೋರಿಸಿದ್ದು ಸ್ವೀಡನ್ನಿನ ಒಂದು ಪ್ರಯೋಗ. ಅದನ್ನು ಹೇಳುವಾಗ ಪ್ರತಿ ಸಲವೂ ನನಗೆ ಮುಜುಗರವಾಗುತ್ತದೆ. ವಿಪೆಹೋಲ್ಮ್ ಎಂಬಲ್ಲಿ ಬುದ್ಧಿಮಾಂದ್ಯರಿಗಾಗಿ ಇದ್ದ ಆಸ್ಪತ್ರೆಯಲ್ಲಿ 1940ರ ದಶಕದ ಕೊನೆಯ ವರ್ಷಗಳಲ್ಲಿ, ಅಲ್ಲಿದ್ದವರ ಒಪ್ಪಿಗೆ ಕೇಳದೆ, ಬೇರೆ ಬೇರೆ ಗುಂಪುಗಳಿಗೆ ಬೇರೆ ಬೇರೆ ರೀತಿಯಲ್ಲಿ ಸಿಹಿ ತಿನ್ನಿಸಿದರು. ಊಟದ ಜೊತೆಗೆ ಸಕ್ಕರೆ ತಿಂದವರಲ್ಲಿ ಹುಳುಕು ಅಷ್ಟೇನೂ ಏರಲಿಲ್ಲ. ಊಟಗಳ ನಡುವೆ ಅಂಟುವ ಟಾಫಿ ತಿಂದವರ ಹಲ್ಲುಗಳು ಹಾಳಾದವು. ಫಲಿತಾಂಶ 1954ರಲ್ಲಿ ಪ್ರಕಟವಾಯಿತು. ನಾನು ಈ ಶಾಲೆಯ ಅಂಗಳದಲ್ಲಿ ನಿಂತು ಸಲೀಸಾಗಿ ಹೇಳುವ ಮಾತಿಗೆ ಬೆಲೆ ತೆತ್ತವರು, ಬೇಡ ಎನ್ನಲು ಬಾರದ ಆ ಜನ. ಅದರ ನಂತರ ಸ್ವೀಡನ್ನಿನವರು ಮಕ್ಕಳಿಗೆ ವಾರಕ್ಕೆ ಒಂದೇ ದಿನ, ಶನಿವಾರ, ಮಿಠಾಯಿ ಎಂಬ ರೂಢಿ ಬೆಳೆಸಿಕೊಂಡರು.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಸಂತೆ. ನಮ್ಮಪ್ಪ ಸಂತೆಯ ದಿನ ಚೀಲದ ತಳದಲ್ಲಿ ಬೆಂಡು, ಬತ್ತಾಸು, ಖಾರ, ಮಂಡಕ್ಕಿ ತರುತ್ತಿದ್ದರು. ಅವತ್ತು ರಾತ್ರಿಯೇ ಎಲ್ಲ ಖಾಲಿ. ಮತ್ತೆ ಸಿಹಿ ಕಾಣಬೇಕಾದರೆ ಮುಂದಿನ ಸಂತೆಯೇ ಬರಬೇಕಿತ್ತು. ಬಡತನದಿಂದ ಮಾಡಿದ್ದು ಹಲ್ಲಿಗೆ ಒಳ್ಳೆಯದಾಯಿತು. ಈಗ ಪ್ರತಿ ಅಂಗಡಿಯ ಮುಂದೆ ಒಂದು, ಎರಡು ರೂಪಾಯಿಯ ಚಾಕೊಲೇಟು ಜಾಡಿಗಳಿವೆ. ಚಿಲ್ಲರೆ ಇಲ್ಲವೆಂದು ಅಂಗಡಿಯವರು ಅದನ್ನೇ ಕೈಗೆ ಹಾಕುತ್ತಾರೆ. ಮಗು ಅಳುತ್ತಿದೆ ಎಂದರೆ ಬಿಸ್ಕತ್ತು, ಹಟ ಮಾಡಿದರೆ ಬಿಸ್ಕತ್ತು, ಬಸ್ಸಿನಲ್ಲಿ ಸುಮ್ಮನೆ ಕೂರಲಿ ಎಂದು ಬಿಸ್ಕತ್ತು. ಬಿಸ್ಕತ್ತನ್ನು ಯಾರೂ ಸಿಹಿ ಎಂದೇ ಎಣಿಸುವುದಿಲ್ಲ, ಅದು ನಿಮ್ಮ ಅರ್ಧ ಕಾಫಿಯ ಅಕ್ಕತಂಗಿ. ದವಡೆ ಹಲ್ಲಿನ ಗೆರೆಗಳಲ್ಲಿ ಅದು ಮೆತ್ತಿಕೊಂಡು ಕೂರುವುದನ್ನು ಕನ್ನಡಿಯಲ್ಲಿ ನೋಡಿ. ಸಂತೆ ದಿನವೇ ಮಿಠಾಯಿ ದಿನ ಎಂದು ಮನೆಯಲ್ಲಿ ಒಂದು ಕಟ್ಟಳೆ ಮಾಡಿ. ನಡುವೆ ಹಸಿವಾದರೆ ಕಡಲೆಕಾಯಿ ಕೊಡಿ, ಸೌತೆಕಾಯಿ ಕೊಡಿ, ಸೀಬೆಹಣ್ಣು ಕೊಡಿ, ಬೆಳಗಿನ ಅಕ್ಕಿರೊಟ್ಟಿ ಉಳಿದಿದ್ದರೆ ಅದನ್ನೇ ಕೊಡಿ.

ಶಾಲೆಯ ಶಿಕ್ಷಕರು ಹಾಲಿನ ವಿಷಯ ಕೇಳಿದರು. 2013ರಲ್ಲಿ ಕ್ಷೀರಭಾಗ್ಯ ಶುರುವಾದಾಗಿನಿಂದ ಮಕ್ಕಳು ಶಾಲೆಯಲ್ಲಿ ಹಾಲು ಕುಡಿಯುತ್ತಿದ್ದಾರೆ, ಸಕ್ಕರೆ ಹಾಕಿರುತ್ತದೆ, ಅದು ಹಲ್ಲಿಗೆ ಕೆಟ್ಟದ್ದೇ ಎಂದು. ಹಾಲನ್ನು ಮುಟ್ಟಬೇಡಿ, ಅದು ಮಕ್ಕಳ ಮೈಗೆ ಬೇಕು. ಸಕ್ಕರೆ ಸ್ವಲ್ಪ ಕಡಿಮೆ ಹಾಕಿಸಿ, ಕುಡಿದ ಮೇಲೆ ಎಲ್ಲರೂ ಸಾಲಾಗಿ ನಲ್ಲಿಯ ಹತ್ತಿರ ಹೋಗಿ ಬಾಯಿ ಮುಕ್ಕಳಿಸಲಿ. ಪಾಚಿ ಹೋಗುವುದಿಲ್ಲ ಎಂದು ಆಗಲೇ ಹೇಳಿದೆ, ಆದರೆ ಬಾಯಲ್ಲಿ ಉಳಿದ ಸಿಹಿ ಒಂದಿಷ್ಟು ಹೋಗುತ್ತದೆ. ನಮ್ಮ ಕಾಫಿಗೂ ಇದೇ ಉಪಾಯ, ಲೋಟ ಕೆಳಗಿಟ್ಟ ಮೇಲೆ ಒಂದು ಗುಟುಕು ನೀರು.

ಇನ್ನು ರಾತ್ರಿ. ನಾನು ಇಷ್ಟು ದೂರ ಬಂದದ್ದೇ ಇದನ್ನು ಹೇಳುವುದಕ್ಕೆ. ನಮ್ಮಲ್ಲಿ ಬೆಳಗ್ಗೆ ಹಲ್ಲುಜ್ಜದೆ ಕಾಫಿ ಮುಟ್ಟಲು ಬಿಡುವ ತಾಯಿ ಇಲ್ಲ. ಬಚ್ಚಲಿಗೆ ಹೋಗಿ ಮುಖ ತೊಳೆದು, ಹಲ್ಲುಜ್ಜಿ, ದೇವರಿಗೆ ಕೈಮುಗಿದು ಬಂದರೆ ಲೋಟ ಸಿಗುತ್ತದೆ. ಅದು ಶುಚಿಯ ಲೆಕ್ಕ, ಮಡಿಯ ಲೆಕ್ಕ. ನನಗೆ ಅದರ ಬಗ್ಗೆ ಗೌರವವಿದೆ. ಆದರೆ ಹಲ್ಲಿನ ಕಡೆಯಿಂದ ನೋಡಿದರೆ ಆ ಉಜ್ಜುವಿಕೆ ಕಳ್ಳ ಹೋದ ಮೇಲೆ ಬಾಗಿಲು ಹಾಕಿದಂತೆ. ನಿದ್ದೆಯಲ್ಲಿ ಜೊಲ್ಲು ಸುರಿಯುವುದು ಬಹುತೇಕ ನಿಂತೇ ಹೋಗುತ್ತದೆ. ಹಗಲಲ್ಲಿ ಎಷ್ಟೇ ಹುಳಿಯಾದರೂ ತೊಳೆಯಲು ಜೊಲ್ಲು ಇರುತ್ತದೆ, ರಾತ್ರಿ ಇರುವುದಿಲ್ಲ. ಒಂಬತ್ತು ಗಂಟೆಯ ಕೊನೆಯ ಕಾಫಿ ಕುಡಿದು ಹಾಗೆಯೇ ಮಲಗಿದರೆ ಆ ಹುಳಿ ಬಾಯಲ್ಲಿ ಬಹಳ ಹೊತ್ತು ನಿಲ್ಲುತ್ತದೆ. ದಿನಕ್ಕೆ ಎರಡು ಸಲ ಉಜ್ಜಬೇಕು. ಎರಡರಲ್ಲಿ ಒಂದೇ ಆಗುವುದು ಎನ್ನುವವರು ಬೆಳಗಿನದನ್ನು ಬಿಡಿ, ರಾತ್ರಿಯದನ್ನು ಹಿಡಿಯಿರಿ. ಬೆಳಗ್ಗೆ ನಿಮ್ಮ ಅತ್ತೆ ಏನಾದರೂ ಅಂದರೆ ಡಾಕ್ಟರು ಹೇಳಿದರು ಎನ್ನಿ. ರಾತ್ರಿ ಉಜ್ಜಿದ ಮೇಲೆ ನೀರು ಬಿಟ್ಟು ಬೇರೇನೂ ಬಾಯಿಗೆ ಹೋಗಬಾರದು.

ಹಸುಗೂಸುಗಳಿಗೂ ಇದೇ ಮಾತು. ಇಲ್ಲಿ ನನ್ನ ಮನೆಯ ಕಥೆಯನ್ನೇ ಒಪ್ಪಿಕೊಳ್ಳುತ್ತೇನೆ. ನನ್ನ ಮಗ ಚಿಕ್ಕವನಿದ್ದಾಗ ರಾತ್ರಿ ಸಕ್ಕರೆ ಹಾಕಿದ ಹಾಲಿನ ಬಾಟಲಿ ಬಾಯಲ್ಲಿ ಇಟ್ಟರಷ್ಟೇ ಮಲಗುತ್ತಿದ್ದ. ದಿನವಿಡೀ ಊರವರ ಹಲ್ಲು ನೋಡಿ ಸುಸ್ತಾಗಿ ಬಂದ ನಾನು, ಮಲಗಿದರೆ ಸಾಕಪ್ಪ ಎಂದು ಸುಮ್ಮನಿದ್ದೆ. ಎರಡೂವರೆ ವರ್ಷಕ್ಕೆ ಅವನ ಮೇಲಿನ ಮುಂದಿನ ನಾಲ್ಕು ಹಾಲುಹಲ್ಲು ಕಂದು ಬಣ್ಣಕ್ಕೆ ತಿರುಗಿದವು. ಹಲ್ಲಿನ ಡಾಕ್ಟರ ಮಗನ ಹಲ್ಲು! ಬಾಟಲಿಯ ಹುಳುಕು ಮೇಲಿನ ಮುಂದಿನ ಹಲ್ಲಿಗೇ ಮೊದಲು ಬರುತ್ತದೆ, ಕೆಳಗಿನವನ್ನು ನಾಲಗೆ ಮುಚ್ಚಿ ಕಾಪಾಡುತ್ತದೆ. ಆದ್ದರಿಂದ ಬಾಟಲಿ ಬಾಯಲ್ಲಿಟ್ಟು ಮಲಗಿಸಬೇಡಿ, ಕೊಡಲೇಬೇಕಾದರೆ ಬರೀ ನೀರು ಕೊಡಿ. ಜೇನು ಅದ್ದಿದ ಚೀಪುವ ರಬ್ಬರು ಬೇಡವೇ ಬೇಡ, ಒಂದು ವರ್ಷದೊಳಗಿನ ಕೂಸಿಗೆ ಜೇನು ಬೇರೆ ಕಾರಣಕ್ಕೂ ಅಪಾಯ. ತಿಂಗಳಿಗೊಮ್ಮೆ ಮಗುವಿನ ಮೇಲ್ತುಟಿ ಎತ್ತಿ ನೋಡಿ. ಒಸಡಿನ ಅಂಚಿನಲ್ಲಿ ಸೀಮೆಸುಣ್ಣದಂಥ ಬಿಳಿ ಗೆರೆ ಕಂಡರೆ ಅದೇ ಹುಳುಕಿನ ಮೊದಲ ಗುರುತು. ಆ ಹಂತದಲ್ಲಿ ಗುಂಡಿ ಬಿದ್ದಿರುವುದಿಲ್ಲ, ಸರಿಯಾದ ಆರೈಕೆ ಸಿಕ್ಕರೆ ಹಲ್ಲು ಮತ್ತೆ ಗಟ್ಟಿಯಾಗಬಲ್ಲದು. ಕಪ್ಪು ಗುಂಡಿಯಾದ ಮೇಲೆ ತಾನಾಗಿ ತುಂಬಿಕೊಳ್ಳುವುದಿಲ್ಲ.

"ಹಾಲುಹಲ್ಲು ಬಿದ್ದು ಹೋಗುವುದೇ ತಾನೇ" ಎಂದು ಹಿಂದಿನಿಂದ ಒಬ್ಬರು. ಬಿದ್ದು ಹೋಗುತ್ತದೆ ಸ್ವಾಮಿ, ಆದರೆ ಕೊನೆಯ ಹಾಲು ದವಡೆ ಬೀಳುವುದು ಹತ್ತು, ಹನ್ನೆರಡು ವರ್ಷಕ್ಕೆ. ಅಲ್ಲಿಯವರೆಗೆ ಆ ಮಗು ಅಗಿಯಬೇಕು, ರಾತ್ರಿ ನೋವಿಲ್ಲದೆ ಮಲಗಬೇಕು, ಕೆಳಗೆ ಬರುವ ಹೊಸ ಹಲ್ಲಿಗೆ ಜಾಗ ಕಾಯಬೇಕು. ಇನ್ನೊಂದು ಮಾತು, ಇದನ್ನು ಅಂಗನವಾಡಿಯ ಅಮ್ಮಂದಿರು ಬರೆದುಕೊಳ್ಳಿ. ಸುಮಾರು ಆರನೆಯ ವರ್ಷದಲ್ಲಿ, ಯಾವ ಹಾಲುಹಲ್ಲೂ ಬೀಳದೆಯೇ, ಅವುಗಳ ಹಿಂದೆ ಒಂದು ದವಡೆ ಹಲ್ಲು ಸದ್ದಿಲ್ಲದೆ ಹುಟ್ಟುತ್ತದೆ. ಹಲ್ಲು ಬಿದ್ದಿಲ್ಲವಲ್ಲ, ಇದೂ ಹಾಲುಹಲ್ಲೇ ಇರಬೇಕು ಎಂದು ಎಲ್ಲರೂ ಕಡೆಗಣಿಸುತ್ತಾರೆ. ಅದು ಜೀವಮಾನದ ಹಲ್ಲು. ಹತ್ತು ವರ್ಷದ ಮಕ್ಕಳಲ್ಲಿ ನಾನು ಅತಿ ಹೆಚ್ಚು ನೋಡುವ ಹುಳುಕು ಅದರದೇ. ಅದರ ಗೆರೆಗಳನ್ನು ಸೀಲೆಂಟ್ ಎಂಬ ಲೇಪನದಿಂದ ಮುಚ್ಚಿಸಬಹುದು, ನೋವಿಲ್ಲ, ಕೊರೆಯುವುದಿಲ್ಲ.

ಇನ್ನು ಪೇಸ್ಟು. ಈ ಸಭೆಯಲ್ಲಿ ಐವತ್ತು ದಾಟಿದವರಿಗೆ ನಂಜನಗೂಡಿನ ಗುಲಾಬಿ ಬಣ್ಣದ ಹಲ್ಲುಪುಡಿಯ ರುಚಿ ನೆನಪಿರುತ್ತದೆ, ಅರ್ಧ ಪುಡಿ ಹೊಟ್ಟೆಗೇ ಹೋಗುತ್ತಿತ್ತು. ಅದಕ್ಕೂ ಹಿಂದೆ ಹೊಂಗೆ ಕಡ್ಡಿ, ಬೇವಿನ ಕಡ್ಡಿ, ಭತ್ತದ ಹೊಟ್ಟಿನ ಕರಿ. ಕಡ್ಡಿಯನ್ನು ನಾನು ಆಡಿಕೊಳ್ಳುವುದಿಲ್ಲ. ಜಗಿದು ಕುಂಚ ಮಾಡಿ ತಾಳ್ಮೆಯಿಂದ ಉಜ್ಜಿದರೆ ಮುಂದಿನ ಹಲ್ಲು ಚೊಕ್ಕವಾಗುತ್ತವೆ. ಆದರೆ ಹುಳುಕು ಬರುವ ಜಾಗ ಹಿಂದಿನ ದವಡೆ, ಅಲ್ಲಿಗೆ ಕಡ್ಡಿ ಬಾಗುವುದಿಲ್ಲ. ಇದ್ದಿಲು, ಬೂದಿ, ಇಟ್ಟಿಗೆ ಪುಡಿ, ಹರಳುಪ್ಪು ಹಾಕಿ ತಿಕ್ಕುವುದಂತೂ ಪಾತ್ರೆಗೆ ಸರಿ, ಹಲ್ಲಿಗಲ್ಲ. ಸವೆದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಕಡ್ಡಿಪುಡಿ, ನಶ್ಯ ಹಾಕಿ ಉಜ್ಜುವವರು ಇದ್ದೀರಿ, ನನಗೆ ಗೊತ್ತು, ಕೈ ಎತ್ತಬೇಡಿ. ಹಲ್ಲುಪುಡಿ, ಪೇಸ್ಟುಗಳಲ್ಲಿ ತಂಬಾಕು ಬೆರೆಸುವುದನ್ನು ಸರ್ಕಾರ 1992ರಲ್ಲೇ ನಿಷೇಧಿಸಿದೆ. ಮನೆಯಲ್ಲಿ ಬೆರೆಸಿಕೊಳ್ಳುವುದನ್ನು ನೀವೇ ನಿಷೇಧಿಸಿಕೊಳ್ಳಬೇಕು.

ಪೇಸ್ಟಿನಲ್ಲಿ ನೋಡಬೇಕಾದದ್ದು ಒಂದೇ, ಫ್ಲೋರೈಡ್ ಇದೆಯೇ ಎಂದು. ಕೊಳವೆಯ ಹಿಂಭಾಗದಲ್ಲಿ ಸಣ್ಣ ಅಕ್ಷರದಲ್ಲಿ ಸೋಡಿಯಂ ಫ್ಲೋರೈಡ್ ಅಥವಾ ಸೋಡಿಯಂ ಮೊನೊಫ್ಲೋರೋಫಾಸ್ಫೇಟ್ ಎಂದಿರುತ್ತದೆ, ನಮ್ಮಲ್ಲಿ ಸಾಮಾನ್ಯವಾಗಿ 1000 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ ಸಾವಿರ ಪಾಲು, ಆಸುಪಾಸು. ಗಿಡಮೂಲಿಕೆಯ ಚಿತ್ರ ಇರುವ ಹಲವು ಪೇಸ್ಟುಗಳಲ್ಲಿ ಅದು ಇರುವುದಿಲ್ಲ, ಓದಿ ಕೊಳ್ಳಿ. ಈ ಫ್ಲೋರೈಡಿನ ಕಥೆ ಶುರುವಾದದ್ದೇ ಒಂದು ಕಲೆಯಿಂದ. 1901ರಲ್ಲಿ ಅಮೆರಿಕದ ಕೊಲೊರಾಡೋ ಸ್ಪ್ರಿಂಗ್ಸ್ ಎಂಬ ಊರಿಗೆ ಬಂದ ಫ್ರೆಡರಿಕ್ ಮೆಕೇ ಎಂಬ ಯುವ ದಂತವೈದ್ಯರಿಗೆ ಅಲ್ಲಿನವರ ಹಲ್ಲಿನ ಮೇಲಿನ ಕಂದು ಕಲೆ ಕಂಡಿತು. ಕಲೆ ಇದ್ದ ಹಲ್ಲುಗಳಲ್ಲಿ ಹುಳುಕು ಮಾತ್ರ ಕಡಿಮೆ. ಕಾರಣ ಹುಡುಕುತ್ತ ಮೂವತ್ತು ವರ್ಷ ಕಳೆಯಿತು. 1931ರಲ್ಲಿ ಚರ್ಚಿಲ್ ಎಂಬ ರಸಾಯನತಜ್ಞರು ಅಂಥ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದನ್ನು ಕಂಡುಹಿಡಿದರು. ಕಲೆ ಬೀಳದಷ್ಟು, ಆದರೆ ಹುಳುಕು ತಡೆಯುವಷ್ಟು ಎಂದು ಲೆಕ್ಕ ಹಾಕಿ 1945ರಲ್ಲಿ ಗ್ರ್ಯಾಂಡ್ ರ್‍ಯಾಪಿಡ್ಸ್ ನಗರದ ಕುಡಿಯುವ ನೀರಿಗೆ ಲೀಟರಿಗೆ ಸುಮಾರು 1 ಮಿಲಿಗ್ರಾಂ ಬೆರೆಸತೊಡಗಿದರು. ಕರಗಿದ ಎನಾಮಲ್ ಮತ್ತೆ ಕಟ್ಟಿಕೊಳ್ಳುವಾಗ ಫ್ಲೋರೈಡ್ ಹತ್ತಿರವಿದ್ದರೆ ಹೊಸ ಪದರ ಮೊದಲಿಗಿಂತ ಗಟ್ಟಿಯಾಗುತ್ತದೆ, ಮುಂದಿನ ಹುಳಿಗೆ ಅಷ್ಟು ಬೇಗ ಸೋಲುವುದಿಲ್ಲ.

ಇದನ್ನೇ ಹಿಡಿದು ಹೆಚ್ಚಾದಷ್ಟೂ ಒಳ್ಳೆಯದು ಎಂದುಕೊಳ್ಳಬೇಡಿ. ಪಾವಗಡದ ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಅತಿಯಾಗಿ, ಹಲ್ಲು ಕಂದಾಗಿ, ಮೂಳೆ ಬಿಗಿದು ಜನ ಪಟ್ಟ ಪಾಡು ರಾಜ್ಯಕ್ಕೇ ಗೊತ್ತು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯೇ ಇಲ್ಲದಿದ್ದರೂ 1.5 ಮೀರಬಾರದು ಎಂಬುದು ನಮ್ಮ ದೇಶದ ಮಾನದಂಡ. ಮಳೆ ಹೆಚ್ಚಿರುವ ನಮ್ಮ ಘಟ್ಟದ ಹಳ್ಳ, ಬುಗ್ಗೆಯ ನೀರಿನಲ್ಲಿ ಸಾಮಾನ್ಯವಾಗಿ ಅದು ಕಡಿಮೆ. ಆಳದ ಬೋರ್‌ವೆಲ್ ನೀರು ಕುಡಿಯುವವರು, ಬಯಲುಸೀಮೆಯಲ್ಲಿ ನೆಂಟರಿರುವವರು ಒಮ್ಮೆ ನೀರನ್ನು ಪರೀಕ್ಷೆ ಮಾಡಿಸಲು ಹೇಳಿ.

ಉಜ್ಜುವುದು ಹೇಗೆ ಎಂದು ತೋರಿಸಲು ನಾನು ಪ್ಲಾಸ್ಟಿಕ್ ದವಡೆ ತಂದಿದ್ದೆ. ಬರಹದಲ್ಲಿ ಅದನ್ನು ಆಡಿಸಲಾಗದು. ಬ್ರಷ್ ಮೆದುವಾಗಿರಲಿ. ಗಟ್ಟಿ ಬ್ರಷ್ ಕೊಂಡು ಗರಗಸದಂತೆ ಎಳೆಯುವವರ ಹಲ್ಲು ಒಸಡಿನ ಅಂಚಿನಲ್ಲಿ ಕೊಡಲಿ ಏಟಿನಂತೆ ಸವೆದಿರುತ್ತದೆ, ಗಂಡಸರಲ್ಲಿ ಇದು ಹೆಚ್ಚು, ಹಲ್ಲಿನ ಮೇಲೂ ಸಿಟ್ಟು ತೀರಿಸಿಕೊಳ್ಳುತ್ತಾರೆ. ಬ್ರಷ್ಷನ್ನು ಒಸಡಿನ ಕಡೆಗೆ ಓರೆಯಾಗಿ ಹಿಡಿದು, ಎರಡು ಮೂರು ಹಲ್ಲಿನ ಮೇಲೆ ಸಣ್ಣಗೆ ಅಲುಗಾಡಿಸುತ್ತ ಮುಂದೆ ಹೋಗಿ. ಹೊರಗೆ, ಒಳಗೆ, ಅಗಿಯುವ ಮೇಲ್ಮೈ, ಎಲ್ಲ ಸೇರಿ 2 ನಿಮಿಷ. ದೊಡ್ಡವರಿಗೂ ಬಟಾಣಿ ಕಾಳಿನಷ್ಟು ಪೇಸ್ಟು ಸಾಕು, ಜಾಹೀರಾತಿನ ಉದ್ದನೆಯ ಅಲೆ ಮಾರುವವರ ಲಾಭಕ್ಕೆ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಆರರವರೆಗೆ ಬಟಾಣಿಯಷ್ಟು. ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಹಿಂದಿನಿಂದ ನೀವೇ ಉಜ್ಜಿ. ತಾನೇ ಲಂಗದ ದಾರ ಕಟ್ಟಿಕೊಳ್ಳಲು, ಶೂ ಕಟ್ಟಿಕೊಳ್ಳಲು ಬರುವವರೆಗೆ, ಅಂದರೆ ಏಳೆಂಟು ವರ್ಷದವರೆಗೆ, ಮಕ್ಕಳ ಕೈಗೆ ಆ ನಯ ಬರುವುದಿಲ್ಲ.

ಉಜ್ಜಿದ ಮೇಲೆ ಏನು ಮಾಡುತ್ತೀರಿ? ಚೊಂಬುಗಟ್ಟಲೆ ನೀರು ತುಂಬಿ, ಊರಿಗೇ ಕೇಳುವಂತೆ ಕ್ಯಾಕರಿಸಿ, ಎಲ್ಲವನ್ನೂ ತೊಳೆದುಬಿಡುತ್ತೀರಿ. ದುಡ್ಡು ಕೊಟ್ಟು ತಂದ ಫ್ಲೋರೈಡ್ ಬಚ್ಚಲಿಗೆ ಹೋಯಿತು. ನೊರೆಯನ್ನು ಉಗುಳಿ, ಅಷ್ಟಕ್ಕೇ ಬಿಡಿ. ನಾಲ್ಕು ದಿನ ಒಂದು ಥರ ಅನ್ನಿಸುತ್ತದೆ, ಆಮೇಲೆ ರೂಢಿಯಾಗುತ್ತದೆ.

ಹಲ್ಲುಗಳ ಸಂದಿಗೆ ಬ್ರಷ್ ಹೋಗುವುದಿಲ್ಲ. ಅಲ್ಲಿಗೆ ನಾವು ಕಳಿಸುವುದು ಸೇಫ್ಟಿ ಪಿನ್ನು, ಬೆಂಕಿಕಡ್ಡಿ, ಪೊರಕೆಕಡ್ಡಿ, ನಮ್ಮ ಕಡೆಯ ರೈಟರೊಬ್ಬರು ಬೈಕಿನ ಕೀಲಿಯನ್ನೇ ಕಳಿಸುತ್ತಿದ್ದರು. ಅವುಗಳಿಂದ ಒಸಡು ಗಾಯವಾಗುತ್ತದೆ, ಸಂದಿ ಇನ್ನೂ ಅಗಲವಾಗುತ್ತದೆ. ಔಷಧಿ ಅಂಗಡಿಯಲ್ಲಿ ಫ್ಲಾಸ್ ಎಂಬ ದಾರ, ಸಂದಿಗೆಂದೇ ಮಾಡಿದ ಪುಟ್ಟ ಬ್ರಷ್ ಸಿಗುತ್ತವೆ. ದಿನಕ್ಕೊಮ್ಮೆ, ರಾತ್ರಿ. ಮೊದಲ ವಾರ ಒಸಡಿನಲ್ಲಿ ರಕ್ತ ಕಂಡರೆ ಹೆದರಿ ನಿಲ್ಲಿಸಬೇಡಿ, ಪಾಚಿ ಇದ್ದದ್ದರಿಂದಲೇ ರಕ್ತ. ಎರಡು ವಾರವಾದರೂ ನಿಲ್ಲದಿದ್ದರೆ ಬಂದು ತೋರಿಸಿ. ಮಧುಮೇಹ ಇರುವವರು, ಬಾಯಿ ಒಣಗಿಸುವ ಮಾತ್ರೆ ನುಂಗುವ ಹಿರಿಯರು ನೋವಿಗೆ ಕಾಯದೆ ಆರು ತಿಂಗಳಿಗೊಮ್ಮೆ ಬನ್ನಿ.

ಅಡಿಕೆಯ ಬಗ್ಗೆ ಮಾತನಾಡುವಾಗ ನಾನು ಯಾರ ಜಿಲ್ಲೆಯಲ್ಲಿ ನಿಂತಿದ್ದೇನೆ ಎಂಬುದು ಗೊತ್ತಿದೆ. ಎಲೆಅಡಿಕೆ ಹಾಕುವವರಿಗೆ ಹುಳುಕು ಬರುವುದಿಲ್ಲ ಎಂದು ಒಬ್ಬರು ಹೇಳಿದರು. ಅವರ ಬಾಯಿ ನೋಡಿದೆ. ಹುಳುಕು ಕಡಿಮೆಯೇ, ನಿಜ, ಆದರೆ ಹುಳುಕು ಹಿಡಿಯಲು ಹಲ್ಲೇ ಎಲ್ಲಿದೆ, ಅರ್ಧ ಸವೆದು ಹೋಗಿದೆ. ಹುಳುಕಿಗಿಂತ ನನಗೆ ಭಯ, ಬಾಯಿ ಬಿಗಿದುಕೊಂಡು ಮೂರು ಬೆರಳು ಹೋಗದಂತಾಗುವ ಕಾಯಿಲೆ, ಅದರ ಮುಂದಿನ ಕ್ಯಾನ್ಸರ್. ರಾಜ್ಯದಲ್ಲಿ ಗುಟ್ಕಾವನ್ನು 2013ರಲ್ಲೇ ನಿಷೇಧಿಸಿದ್ದರೂ ಇಪ್ಪತ್ತು ದಾಟದ ಹುಡುಗರ ಬಾಯಲ್ಲಿ ಆ ಬಿಗಿತ ನೋಡುತ್ತಿದ್ದೇನೆ. ಇದಕ್ಕೆ ಬೇರೆಯೇ ಒಂದು ಸಭೆ ಬೇಕು, ಇವತ್ತು ಇಷ್ಟಕ್ಕೇ ನಿಲ್ಲಿಸುತ್ತೇನೆ.

ಕೊನೆಯಲ್ಲಿ ಎರಡು ಪ್ರಶ್ನೆ ಬಂದವು. ರಾತ್ರಿ ಹನ್ನೆರಡಕ್ಕೆ ಹಲ್ಲುನೋವು ಬಂದರೆ ಏನು ಮಾಡುವುದು? ಬೆಚ್ಚಗಿನ ಉಪ್ಪುನೀರಿನಲ್ಲಿ ಮುಕ್ಕಳಿಸಿ. ಲವಂಗದ ಎಣ್ಣೆಯನ್ನು ಹತ್ತಿಯಲ್ಲಿ ಅದ್ದಿ ಹಲ್ಲಿನ ಗುಂಡಿಗೆ ಮಾತ್ರ ಇಡಿ, ಅದರಲ್ಲಿರುವ ಯೂಜಿನಾಲ್ ಸ್ವಲ್ಪ ಹೊತ್ತು ಮರಗಟ್ಟಿಸುತ್ತದೆ. ನೋವಿನ ಮಾತ್ರೆಯನ್ನು ನುಂಗಬೇಕು, ಪುಡಿ ಮಾಡಿ ಒಸಡಿಗೆ ಹಚ್ಚಬಾರದು, ಸುಟ್ಟ ಗಾಯವಾಗುತ್ತದೆ. ಸುಣ್ಣ, ಹೊಗೆಸೊಪ್ಪು ಇಡಬೇಡಿ. ನೋವು ತಾನಾಗಿ ನಿಂತರೆ ಗುಣವಾಯಿತು ಎಂದುಕೊಳ್ಳಬೇಡಿ, ಎಷ್ಟೋ ಸಲ ಒಳಗಿನ ನರ ಸತ್ತಿರುತ್ತದೆ. ಮುಖ ಊದಿದರೆ, ಜ್ವರ ಬಂದರೆ, ನುಂಗಲು ಕಷ್ಟವಾದರೆ ಬೆಳಗಾಗುವವರೆಗೂ ಕಾಯದೆ ಆಸ್ಪತ್ರೆಗೆ ಹೊರಡಿ.

ಎರಡನೆಯದನ್ನು ಕೇಳಿದವರು ಹಿಂದಿನ ಸಾಲಿನ ಅಜ್ಜ. ಮೇಲಿನ ಹಲ್ಲು ಕೀಳಿಸಿದರೆ ಕಣ್ಣಿನ ದೃಷ್ಟಿ ಹೋಗುತ್ತದಂತೆ ಹೌದೇ ಎಂದು. ನಾನು ಕೆಲಸ ಶುರು ಮಾಡಿದ ದಿನದಿಂದ ಈ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ಹಲ್ಲಿನ ನರ ಬೇರೆ, ನೋಟದ ನರ ಬೇರೆ, ಅವೆರಡೂ ಮಿದುಳಿಗೆ ಹೋಗುವ ದಾರಿಯೂ ಬೇರೆ. ಹಲ್ಲು ಕೀಳಿಸುವ ವಯಸ್ಸು, ಕಣ್ಣು ಮಂಜಾಗುವ ವಯಸ್ಸು ಒಂದೇ ಆದದ್ದರಿಂದ ಹುಟ್ಟಿದ ಮಾತು ಅದು. ಅಜ್ಜ ತಲೆಯಾಡಿಸಿದರು, ಒಪ್ಪಿದಂತೆ ಕಾಣಲಿಲ್ಲ. "ಸಕ್ಕರೆ ಇಲ್ಲದ ಕಾಫಿಯಾದರೆ ಎಷ್ಟು ಸಲ ಕುಡಿಯಬಹುದು?" ಎಂದು ಮತ್ತೆ ಕೇಳಿದರು. ಹಲ್ಲಿನ ಮಟ್ಟಿಗೆ ಎಷ್ಟಾದರೂ, ಹೊಟ್ಟೆಯ ಡಾಕ್ಟರನ್ನು ಬೇರೆ ಕೇಳಿ ಎಂದೆ.

ಅಷ್ಟರಲ್ಲಿ ತಟ್ಟೆಯಲ್ಲಿ ಲೋಟಗಳು ಬಂದವು, ಎಲ್ಲವೂ ಅರ್ಧರ್ಧ. ನನ್ನ ಲೋಟಕ್ಕೆ ಸಕ್ಕರೆ ಹಾಕಿರಲಿಲ್ಲ. ಮುಂದಿನ ಸಾಲಿನ ಅಕ್ಕ ತಮ್ಮ ಲೋಟ ಎತ್ತಿಕೊಂಡು ಒಂದು ಗುಟುಕು ಕುಡಿದು, ನನ್ನ ಕಡೆ ನೋಡಿ, "ಇದು ಸಭೆಯ ಕಾಫಿ ಮೇಡಂ, ಇದನ್ನು ಎಣಿಸುವ ಹಾಗಿಲ್ಲ" ಎಂದರು.